ತೇಗದ ಮೈ, ಕರೀ ತಳ

ದೇವದುರ್ಗದ ಕನಕರಾಯನ ಶೆಡ್ಡಿಗೆ ಯಾವ ಬಣ್ಣದ ಸ್ಪೀಕರ್ ಪೆಟ್ಟಿಗೆ ಹೋದರೂ ಹೊರಗೆ ಬರುವಾಗ ಕಪ್ಪಗೇ ಬರುತ್ತಿತ್ತು. ಮೂಲೆ ಒಡೆದಿರಲಿ, ಇಲಿ ಕಡಿದಿರಲಿ, ಮದುವೆ ಊಟದಲ್ಲಿ ಯಾರೋ ಸಾರು ಚೆಲ್ಲಿರಲಿ, ಅವನು ಬಿರುಕಿಗೆ ಪುಟ್ಟಿ ಮೆತ್ತಿ, ದಪ್ಪ ಕಪ್ಪು ಬಣ್ಣ ಬಳಿದು, "ಹೋಗು, ಇನ್ನ ಮಳ್ಯಾಗ ಕುಂದ್ರು" ಎಂದು ಬೆನ್ನು ತಟ್ಟಿ ಕಳಿಸುತ್ತಿದ್ದ. ಜಾಲಹಳ್ಳಿಯಿಂದ ಕವಿತಾಳದವರೆಗೆ ಮದುವೆ ಮನೆಗಳಲ್ಲಿ ಎದೆ ನಡುಗಿಸುವ ಪೆಟ್ಟಿಗೆಗಳು ಬಹುಪಾಲು ಅವನ ಕೈಯವೇ. ಅದರ ಜಂಬವೂ ಅವನಿಗಿತ್ತು. ಯಾಕಿರಬಾರದು? ಕೆಸರಲ್ಲಿ ಬಿದ್ದೆದ್ದರೂ ಆ ಬಣ್ಣದ ಒಂದು ಚಕ್ಕೆ ಏಳುತ್ತಿರಲಿಲ್ಲ.

ಮಗಳು ಚಂದ್ರಕಲಾಗೆ ಮಾತ್ರ ಈ ಕಪ್ಪು ನೋಡಿ ನೋಡಿ ಸಾಕಾಗಿತ್ತು. ಅವಳು ಮಾನ್ವಿಯ ಪರ್ವೇಜನ ಫರ್ನಿಚರ್ ಅಂಗಡಿಗೆ ಓಡಾಡಿ ವಿನಿಯರ್ ಕೆಲಸ ಕಲಿತಿದ್ದಳು. ಕಾಗದದಷ್ಟು ತೆಳ್ಳಗೆ ಸೀಳಿದ ತೇಗದ ಹಾಳೆಯನ್ನು ಹಲಗೆಗೆ ಅಂಟಿಸಿ ಪಾಲಿಶ್ ಕೊಟ್ಟರೆ, ನೋಡಿದವರು ಇಡೀ ಪೆಟ್ಟಿಗೆಯೇ ತೇಗದ್ದು ಅನ್ನಬೇಕು. ಕಲಿತದ್ದೇನೋ ಆಯಿತು, ಕೆಲಸ ಸಿಗಬೇಕಲ್ಲ? ಮದುವೆಗೆ ಮೈಕ್ ಸೆಟ್ ಬಾಡಿಗೆ ಕೊಡುವವರಿಗೆ ತೇಗದ ಚೆಂದ ಕಟ್ಟಿಕೊಂಡು ಏನಾಗಬೇಕು?

ಅಂಥದ್ದರಲ್ಲಿ ರಾಯಚೂರಿನಿಂದ ಜಾನಕಿಬಾಯಿಯವರ ಜೋಡಿ ಸ್ಪೀಕರ್ ಬಂದವು. ಸಂಗೀತದ ಟೀಚರಾಗಿ ನಿವೃತ್ತರಾದ ಆಕೆ ದಿನಾ ಬೆಳಿಗ್ಗೆ ಅವುಗಳಲ್ಲಿ ದಾಸರ ಪದ ಕೇಳುವವರು. ಪೆಟ್ಟಿಗೆಗಳ ಕೆಳ ಅಂಚು ನೆನೆದ ರೊಟ್ಟಿಯ ಹಾಗೆ ಊದಿ, ಹಳೆಯ ತೇಗದ ಹೊದಿಕೆ ಸುಲಿದು ಜೋತುಬಿದ್ದಿತ್ತು.

ಕನಕರಾಯ ಬ್ರಷ್ಷಿಗೆ ಕೈ ಹಾಕಿದ. "ಕರೀ ಹೊಡದು ಕಳಸ್ತೀನಿ."

"ಯಪ್ಪಾ, ಬ್ಯಾಡ. ಇವನ್ನ ನನಗ ಬಿಡು."

"ಹಾಳಿ ಅಂಟಿಸೋದು ಗಟ್ಟಿ ಕೆಲಸ ಅಲ್ಲಬೇ. ಆತು, ಮಾಡು. ಆದ್ರ ಒಮ್ಮಿ ಸುಲದು ವಾಪಸ್ ಬಂತಂದ್ರ ಕರೀ ಬಣ್ಣನ. ಆಮ್ಯಾಲ ಈ ಶೆಡ್ಡಿನ್ಯಾಗ ವಿನಿಯರ್ ಅನ್ನೋ ಮಾತು ಎತ್ತಬಾರದು."

ಚಂದ್ರಕಲಾ ಒಪ್ಪಿದಳು. ಇಸ್ತ್ರಿಪೆಟ್ಟಿಗೆಯ ಬಿಸಿ ಕೊಟ್ಟು ಹಳೆಯ ಹೊದಿಕೆ ಎಬ್ಬಿಸಿದಳು, ಊದಿದ್ದನ್ನು ಕೆತ್ತಿ ತೆಗೆದು ಪುಟ್ಟಿ ತುಂಬಿದಳು. ಒಂದೇ ಹಾಳೆಯನ್ನು ಎರಡಕ್ಕೂ ಕತ್ತರಿಸಿ ಅಂಟಿಸಿದ್ದರಿಂದ, ಪಕ್ಕ ಪಕ್ಕ ಇಟ್ಟರೆ ತೇಗದ ಗೆರೆಗಳು ಒಂದರಿಂದ ಇನ್ನೊಂದಕ್ಕೆ ಹರಿದು ಹೋದಂತೆ ಕಾಣುತ್ತಿತ್ತು. ಜಾನಕಿಬಾಯಿ ಅದರ ಮೇಲೆ ಕೈಯಾಡಿಸಿ ಕಣ್ಣು ತುಂಬಿಕೊಂಡರು. ಅವತ್ತು ಚಂದ್ರಕಲಾ ನೆಲದ ಮೇಲೆ ನಡೆಯಲಿಲ್ಲ.

ಮಳೆಗಾಲ ಮುಗಿಯುವುದರೊಳಗೆ ಒಂದು ಪೆಟ್ಟಿಗೆ ತಿರುಗಿ ಬಂತು. ಅದೇ ಕೆಳಗಿನ ಅಂಚು, ಮತ್ತೆ ಊದಿತ್ತು.

ಕನಕರಾಯ ಬೈಯಲಿಲ್ಲ. ಸುಮ್ಮನೆ ಕಪ್ಪು ಬಣ್ಣದ ಡಬ್ಬಿಯ ಮುಚ್ಚಳ ತೆಗೆದ. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಅವಳಿಗೆ.

"ಯಪ್ಪಾ, ಒಂದು ದಿನ ತಡಿ. ಯಾಕ ಹಿಂಗಾತು, ಹೋಗಿ ನೋಡಿ ಬರ್ತೀನಿ. ಆಮ್ಯಾಲ ನೀ ಹ್ಯಾಂಗಂದ್ರ ಹಾಂಗ."

ಮರುದಿನ ಮೊದಲ ಬಸ್ಸಿಗೇ ರಾಯಚೂರು ಸೇರಿದಳು. ಜಾನಕಿಬಾಯಿ ಸ್ನಾನ ಮುಗಿಸಿ ಮಡಿ ಉಟ್ಟು ಪಡಸಾಲೆ ಒರೆಸುತ್ತಿದ್ದರು. ನೆಲ ಆದಮೇಲೆ ಇನ್ನೊಂದು ಬಟ್ಟೆಯನ್ನು ಚೊಂಬಿನ ನೀರಲ್ಲಿ ಅದ್ದಿ, ಉಳಿದಿದ್ದ ಪೆಟ್ಟಿಗೆಯನ್ನು ಮಗುವಿನ ಮೈ ತೊಳೆಯುವಂತೆ ಒರೆಸತೊಡಗಿದರು. ನೀರು ಇಳಿದು ತಳದ ಕೆಳಗೆ ಸೇರುತ್ತಿತ್ತು.

"ದಿನಾ ಹಿಂಗ ಒರಸ್ತೀರೇನ್ರಿ, ಅಮ್ಮಾರ?"

"ಮತ್ತ? ಹರಿನಾಮ ಬರೋ ಪೆಟ್ಟಿಗಿ ಇವು. ಮಡಿ ಮಾಡದ ಹ್ಯಾಂಗ ಹಚ್ಚಲಿ?" ಅಷ್ಟರಲ್ಲೇ ಅವರಿಗೆ ಹೊಳೆಯಿತು. ಕೈ ನಿಂತಿತು. "ಅಯ್ಯ, ನಾನ ಕೆಡಿಸಿದ್ನೇನವಾ?"

ಹೌದು, ನೀರು ಮುಟ್ಟಿಸಬೇಡಿ ಎನ್ನುವುದು ಸುಲಭವಿತ್ತು. ಹಾಗಂದಿದ್ದರೆ ಈಕೆ ಒರೆಸದೆ ಹಚ್ಚುತ್ತಿರಲಿಲ್ಲ, ಪದ ಕೇಳುವುದನ್ನೇ ಬಿಡುತ್ತಿದ್ದರು. ಚಂದ್ರಕಲಾ ಪೆಟ್ಟಿಗೆಯನ್ನು ವಾಲಿಸಿ ತಳ ನೋಡಿದಳು. ಬರಿಯ ಹಲಗೆ. ಮರದ ಪುಡಿ ಒತ್ತಿ ಮಾಡಿದ ಆ ಹಲಗೆ ನೀರು ಕುಡಿದು ಮೆತ್ತಗಾಗಿತ್ತು. ನೆಲಕ್ಕೆ ಕೂರುವ ಮುಖವನ್ನು ಯಾರು ನೋಡುತ್ತಾರೆಂದು ಅವಳೇ ಹಾಗೆ ಬಿಟ್ಟಿದ್ದಳು. ತನ್ನ ಮೇಲೆ ತನಗೇ ಸಿಟ್ಟು ಬಂತು.

"ನೀವು ಒರಸ್ರಿ ಅಮ್ಮಾರ. ತಪ್ಪು ನಂದು. ಒರಸಿದ್ರ ತಡಿಯೋಹಂಗ ನಾ ಮಾಡಬೇಕಿತ್ತು."

ಆ ಪೆಟ್ಟಿಗೆಯನ್ನೂ ಹೊತ್ತು ತಂದಳು. ಕೆಟ್ಟ ಅಂಚು ಕತ್ತರಿಸಿ ಗಟ್ಟಿ ಮರದ ಪಟ್ಟಿ ಕೂರಿಸಿದಳು. ನೀರಿಗೆ ಬಿಡದ ಅಂಟು ಹಚ್ಚಿ ಹೊಸ ತೇಗ ಹೊದಿಸಿ, ಸಂದುಸಂದಿಗೂ ವಾರ್ನಿಶ್ ಕುಡಿಸಿದಳು. ಆಮೇಲೆ ಎರಡನ್ನೂ ತಲೆಕೆಳಗು ಮಾಡಿ ಅಪ್ಪನ ಮುಂದಿಟ್ಟಳು.

"ಯಪ್ಪಾ, ತಳಕ್ಕ ನಿನ್ನ ಕರೀ ಬಣ್ಣ ಬೇಕು. ಅದರಂಥಾ ಗಟ್ಟಿ ನನ್ನ ಕಡೆ ಇಲ್ಲ."

"ಮ್ಯಾಲ?"

"ಮ್ಯಾಲ ಒಂದು ಹನಿ ಬೀಳಬಾರದು."

ಕನಕರಾಯ ತೇಗದ ಗೆರೆಗಳನ್ನು ಬಹಳ ಹೊತ್ತು ನೋಡಿದ. ತೇಗಕ್ಕೆ ತಾಗದಂತೆ ಸುತ್ತಲೂ ಕಾಗದ ಅಂಟಿಸಿ, ಒಂದು ಪದರ ಒಣಗುವವರೆಗೆ ಕಾದು ಇನ್ನೊಂದು ಪದರ ಎಳೆದ. ಇಷ್ಟು ತಾಳ್ಮೆಯಿಂದ ಅವನು ಬಣ್ಣ ಹೊಡೆದದ್ದನ್ನು ಚಂದ್ರಕಲಾ ಯಾವತ್ತೂ ಕಂಡಿರಲಿಲ್ಲ. ಬಣ್ಣ ಒಣಗಿದ ಮೇಲೆ ಅವಳು ದೊಡ್ಡ ಪರಾತದಲ್ಲಿ ನೀರು ಹಾಕಿ ಪೆಟ್ಟಿಗೆಗಳನ್ನು ಅದರಲ್ಲೇ ನಿಲ್ಲಿಸಿದಳು. ವಾರವಿಡೀ ನಿಂತವು. ಅಪ್ಪ ನೀರು ಕುಡಿಯುವ ನೆಪ, ಬೀಡಿ ಹುಡುಕುವ ನೆಪ ಮಾಡಿಕೊಂಡು ಬಂದು ಬಂದು ಹೆಬ್ಬೆರಳಿನಿಂದ ಅಂಚು ಸವರುವುದನ್ನು ಅವಳು ನೋಡಿಯೂ ನೋಡದಂತೆ ಇದ್ದಳು. ಅಂಚು ಕೂದಲೆಳೆಯಷ್ಟೂ ಏಳಲಿಲ್ಲ.

ಕೊಟ್ಟು ಬರುವ ದಿನ, ಎಂದೂ ಗಿರಾಕಿಗಳ ಮನೆಗೆ ಹೋಗದ ಕನಕರಾಯ ತೊಳೆದ ಅಂಗಿ ಹಾಕಿಕೊಂಡು ಟಂಟಂ ಗಾಡಿ ಹತ್ತಿ ಕೂತ.

ಜಾನಕಿಬಾಯಿ ಪೆಟ್ಟಿಗೆಗಳ ಮುಂದೆ ಕೂತರು. ಹಿಂದಿನದು ನೆನಪಿತ್ತೇನೋ, ಬಟ್ಟೆಯನ್ನು ನೀರಿಗೆ ಅದ್ದಿ, ಒಂದು ಹನಿಯೂ ಉಳಿಯದ ಹಾಗೆ ಹಿಂಡಿ ಹಿಂಡಿ ತೆಗೆದರು. ಮುಟ್ಟಲೋ ಬೇಡವೋ ಎಂದು ಚಂದ್ರಕಲಾಳ ಮುಖ ನೋಡಿದರು. ಅವಳು ಉತ್ತರ ಕೊಡುವ ಮೊದಲೇ ಬಾಗಿಲ ಬಳಿ ನಿಂತಿದ್ದ ಕನಕರಾಯನ ದನಿ ಮನೆ ತುಂಬಿತು.

"ಅಷ್ಟು ಯಾಕ ಹಿಂಡ್ತೀರಿ ಅಮ್ಮಾರ? ಬುಡಕ್ಕ ಒಂದು ಚೊಂಬು ನೀರು ಸುರೀರಿ. ನನ್ನ ಮಗಳ ಕೆಲಸ ಅದು."