ಕಿವಿಯ ಹಿಂದಿನ ಬೊಟ್ಟು

ಕತ್ತರಿ ತಣ್ಣಗಿದೆ, ಗೂಗಲ್ ಊರಿನ ಹೊಳೆದಂಡೆಯ ಕಲ್ಲುಗಳು ಆಗಲೇ ಕಾಯತೊಡಗಿದ್ದರೂ ಕತ್ತರಿ ಮಾತ್ರ ತಣ್ಣಗೇ ಇದೆ, ಯಾರೋ ಈಗಷ್ಟೇ ಕೃಷ್ಣೆಯಲ್ಲಿ ಅದ್ದಿ ಒರೆಸದೆ ಕೊಟ್ಟಂತೆ, ಹೆಬ್ಬೆರಳು ಒಂದು ಉಂಗುರದಲ್ಲಿ ಉಂಗುರಬೆರಳು ಇನ್ನೊಂದರಲ್ಲಿ, ಅವೇ ಹೋಗಿ ಕೂತುಬಿಟ್ಟಿವೆ, ಸುಭಾಷ್ ಅವನ್ನು ನೋಡಿದ, ಪರರ ಕೈ ನೋಡಿದ ಹಾಗೆ. ತೊಡೆಯ ಮೇಲೆ ತಂಗಿ ಮಲ್ಲಿಕಾಳ ಮಗಳು, ಮೂರು ತುಂಬಿದ ಕೂಸು, ಬೆನ್ನು ಅವನ ಎದೆಗೆ, ಮುಖ ಹೊಳೆಗೆ. ಜವಳ. ಹುಟ್ಟಿದಾಗಿನಿಂದ ಕತ್ತರಿ ಕಾಣದ ಕೂದಲು, ಮೊದಲ ಎಳೆ ಸೋದರಮಾವನೇ ತೆಗೆಯಬೇಕು, ಉಳಿದದ್ದನ್ನು ಆಮೇಲೆ ಹಡಪದವನು ಬೋಳಿಸುತ್ತಾನೆ, ಮಾವನ ಕೈ ಮುಟ್ಟದ ಹೊರತು ಆ ತಲೆಗೆ ಕ್ಷೌರವಿಲ್ಲ. ಒಂದು ತುಂಬಿದಾಗಲೇ ಆಗಬೇಕಿತ್ತು, ಆಗ ಅವನು ಮಾನ್ವಿಯಲ್ಲಿದ್ದ, ಆಮೇಲೆ ಸಿಂಧನೂರು, ಆಮೇಲೆ ಇನ್ನೆಲ್ಲೋ, ನಾಟಕ ಅದವ್ವಾ, ಮುಂದಿನ ತಿಂಗಳ ನೋಡೂಣು. ನಾಟಕ ಅದ, ನಾಟಕ ಅದ, ಅಲ್ಲಣ್ಣಾ, ನಿನ್ನ ನಾಟಕ ಮುಗಿಯೂದ್ರಾಗ ಇಕಿಗಿ ಜಡಿ ಹಾಕಿ ಲಗ್ನಾ ಮಾಡಬೇಕಾಗ್ತದ, ಅಂದಿದ್ದಳು ಮಲ್ಲಿಕಾ. ಅವಳ ಗಂಡ ಅಂಬರೇಶನ ಮನೆಯವರು ಇನ್ನೂ ಖಾರವಾಗಿ ಅಂದಿರಬೇಕು, ಮಲ್ಲಿಕಾ ಹೇಳಲಿಲ್ಲ, ಬಾ ಅಂದಳು ಅಷ್ಟೆ, ಇಕಿಗಿ ಮಾವ ಅಂತ ನೀ ಒಬ್ಬನೇ ಇದ್ದೀ ಅಂದಳು. ಕೂಸಿನ ಅತ್ತೆ ಮುಂದೆ ಸೆರಗೊಡ್ಡಿ ಕೂತಿದ್ದಾಳೆ, ಕೂದಲು ನೆಲಕ್ಕೆ ಬೀಳಬಾರದು. ಅಲ್ಲಿ, ನಾಟಕದಲ್ಲಿ, ಬೀಳುತ್ತಿತ್ತು, ಗೋಣಿಚೀಲಕ್ಕೆ. ಇವತ್ತು ನಾಟಕದ ಆ ಮಾತು ಬಾಯಿಗೆ ಬರಬಾರದು, ಅದೊಂದು ಮಾತು ಬಿಟ್ಟು ಏನಾದರೂ ಬರಲಿ, ರಾಯಚೂರಿನಲ್ಲಿ ಬಸ್ಸು ಹತ್ತಿದಾಗಿನಿಂದ ದೇವದುರ್ಗ ಮುಟ್ಟುವತನಕ ಅಂದುಕೊಂಡಿದ್ದು ಅದನ್ನೇ, ದೇವದುರ್ಗದಿಂದ ಟಂಟಂ ಆಟೋ ಹಿಡಿದ ಮೇಲೂ ಅದನ್ನೇ, ಒಳಗೆ ಗುಡಿಯಲ್ಲಿ ಅಲ್ಲಮಪ್ರಭುವಿನ ಮುಂದೆ ಕೈ ಜೋಡಿಸಿ ಕೇಳಿಕೊಂಡದ್ದೂ ಅದನ್ನೇ, ಬೇರೆ ಏನೂ ಕೇಳಲಿಲ್ಲ. ಕೂದಲು ಬಾಚಿ ಎತ್ತಿದ. ಕಿವಿಯ ಹಿಂದೆ ಕಾಡಿಗೆಯ ಬೊಟ್ಟು.

ಅಲ್ಲಿಯೂ ಇತ್ತು. ಮಾನ್ವಿಯಲ್ಲಿ. ಆಟ ಆಡಿದ ಊರಲ್ಲೆಲ್ಲ ಅಲ್ಲಿಯದೇ ಶಾಲೆಯ ಒಂದು ಹುಡುಗಿಯನ್ನು ಕೂದಲು ಕೊಡುವ ಕೂಸಿನ ಪಾತ್ರಕ್ಕೆ ಕರೆಯುವುದು ನಾಟಕ ಆಡಿಸುವ ಶರಣಯ್ಯ ಸರ್ ಮಾಡಿದ ಪದ್ಧತಿ, ಊರ ಕೂಸಾದರೆ ಊರು ಉಸಿರು ಹಿಡಿದು ನೋಡ್ತದೋ ಸುಭಾಷ್, ಅಂದಿದ್ದರು, ಹೌದು, ನೋಡುತ್ತಿತ್ತು. ಯುರೋಪಿನಲ್ಲಿ ಎಂಬತ್ತು ವರ್ಷದ ಹಿಂದೆ ಯಹೂದಿಗಳನ್ನು ರೈಲಿಗೆ ತುಂಬಿ ತಂದು ವಿಷದ ಗಾಳಿ ಬಿಟ್ಟು ಕೊಂದ ಶಿಬಿರದ ನಾಟಕ, ಅದರಲ್ಲಿ ಅವನು ಕ್ಷೌರಿಕ ಯಾಕೋಬ, ಅವನೂ ಯಹೂದಿ, ಅವನೂ ಕೈದಿ, ಸ್ನಾನಗೃಹ ಎಂದು ಬರೆದ ಬಾಗಿಲ ಮುಂದೆ ಕೂತು ಹೆಂಗಸರ ಮಕ್ಕಳ ಕೂದಲು ಕತ್ತರಿಸುವವನು, ಬಾಗಿಲಿನಾಚೆ ಏನಿದೆಯೆಂದು ಗೊತ್ತಿದ್ದೂ ಹೇಳದವನು, ಹೇಳಿದರೆ ಅವನನ್ನೂ ಅದೇ ಬಾಗಿಲಿಗೆ ನೂಕುತ್ತಾರೆ. ಮಾನ್ವಿಯ ಹುಡುಗಿಯ ತಾಯಿಗೆ ಬೊಟ್ಟು ಬೇಡವೆಂದು ಎಷ್ಟು ಹೇಳಿದರೂ ಕೇಳಿರಲಿಲ್ಲ, ಬಣ್ಣ ಹಚ್ಚುವಾಗ ಕದ್ದು ಇಟ್ಟುಬಿಟ್ಟಿದ್ದಳು, ಸುಳ್ಳು ಆಟಾದ್ರೇನ್ರಿ, ಅಷ್ಟ ಮಂದಿ ಕಣ್ಣು ಖರೇನ ಬೀಳ್ತಾವಲ್ರಿ, ಅಂತ. ಅವನು ಎಳೆ ಎತ್ತಿದಾಗ ಬೊಟ್ಟು ಕಂಡಿತು, ಕೈ ಒಂದು ಗಳಿಗೆ ನಿಂತಿತು, ಮುಂದೆ ಹೋಯಿತು, ಆಗ ಎದುರು ಸಾಲಿನಲ್ಲಿ ಕುರ್ಡಿಯಿಂದ ಮೊಮ್ಮಗಳ ಜೊತೆ ಬಂದಿದ್ದ ಮುದುಕಿಯೊಬ್ಬಳು ಎದ್ದೇ ನಿಂತುಬಿಟ್ಟಳು, ಲೇ ಹಡಪದವನೇ, ಹೇಳೋ ಆ ಕೂಸಿಗಿ, ಓಡಂತ ಹೇಳೋ, ನಿನಗ ಗೊತ್ತದಲ್ಲೋ ನಮ್ಮಪ್ಪಾ! ಸುತ್ತ ನಕ್ಕರು, ಕುಂದ್ರು ಬೇ ಆಯಿ, ನಾಟಕ ಅದು, ಅಂದರು, ಆಕೆ ಕೂಡಲಿಲ್ಲ, ನಾಟಕಾದ್ರ ಹೇಳಾಕ ಏನ ಧಾಡಿ ಆಗ್ಯದ ಅವಗ. ಸುಭಾಷ್ ಆಕೆಯ ಕಡೆ ಒಮ್ಮೆ ನೋಡಿದ, ಮುಂದಿನ ಮಾತು ಆಡಿದ. ಒಂದಕ್ಷರ ತಪ್ಪಲಿಲ್ಲ. ಆಟ ಮುಗಿದ ಮೇಲೆ ಸರ್ ತಬ್ಬಿಕೊಂಡರು, ಇದಪಾ ನಟ ಅಂದ್ರ, ಅಂದರು, ಅವನಿಗೆ ಖುಷಿಯೂ ಆಗಲಿಲ್ಲ ದುಃಖವೂ ಆಗಲಿಲ್ಲ, ಬೆರಳಿಗೆ ಹತ್ತಿದ್ದ ಕಾಡಿಗೆಯನ್ನು ಪ್ಯಾಂಟಿಗೆ ಒರೆಸಿಕೊಂಡ, ಹೋಗಲಿಲ್ಲ, ಸಾಬೂನಿನಲ್ಲಿ ತೊಳೆದಾಗ ಹೋಯಿತು.

ಮುಖ ನೋಡಬ್ಯಾಡ, ಕೂದ್ಲ ನೋಡು. ಇದು ನಬೀಸಾಬ್ ಹೇಳಿದ್ದು, ರಾಯಚೂರಿನ ತೀನ್ ಕಂದೀಲ್ ಹತ್ತಿರದ ಕಟಿಂಗ್ ಅಂಗಡಿಯ ನಬೀಸಾಬ್, ಪಾತ್ರಕ್ಕೆಂದು ಕತ್ತರಿ ಹಿಡಿಯುವುದನ್ನು ಕಲಿಯಲು ಸುಭಾಷ್ ಅವನ ಬಳಿ ಒಂದು ತಿಂಗಳು ಹೋಗಿದ್ದ, ಮಖ ನೋಡಿದಿ ಅಂದ್ರ ಕೈ ನಿಲ್ತದ ಬೇಟಾ, ಗಿರಾಕಿ ಅಳಲಿ ನಗಲಿ, ನಿನ್ನ ಕೆಲಸ ಕೂದ್ಲದ್ದು. ಕಲಿತ. ಚೆನ್ನಾಗಿ ಕಲಿತ. ಈಗ ಅವನ ಫೋಟೋ ಸ್ಟುಡಿಯೋದಲ್ಲಿ ದಿನಕ್ಕೆ ನಲವತ್ತು ಮಂದಿ ಆಧಾರ್‌ಗೆ, ಅರ್ಜಿಗೆ ಅಂತ ಫೋಟೋ ತೆಗೆಸಿಕೊಳ್ಳುತ್ತಾರೆ, ಗದ್ದ ಮ್ಯಾಲ ಮಾಡ್ರಿ, ಕಿವಿ ಕಾಣಲಿ, ಸಂಜೆ ಬಾಗಿಲು ಹಾಕುವಾಗ ಒಂದು ಮುಖವೂ ನೆನಪಿರುವುದಿಲ್ಲ, ಕಿವಿ ನೆನಪಿರುತ್ತವೆ. ಹೆಂಡತಿ ಸುನಂದಾ ಉಣ್ಣಲಿಕ್ಕೆ ಬಡಿಸುತ್ತ ಕೇಳಿದಳು, ನನ್ನ ಮಖ ನೋಡಿ ಎಷ್ಟ ದಿನಾತು ಹೇಳ್ರಿ, ಈಗ ನೋಡಲಿಕ್ಕತ್ತೀನಲ್ಲ ಅಂದ, ಇಲ್ಲ, ನೀವು ನನ್ನ ತುರಬಾ ನೋಡಾಕತ್ತೀರಿ, ಅಂದಳು. ಅವನೊಬ್ಬನೇ ಅಲ್ಲ. ನಾಟಕದಲ್ಲಿ ಶಿಬಿರದ ಸಾಲಿಗೆ ಮೊದಲು ನಿಲ್ಲುವ ಖಾಸಿಂ ಬೀ ಈಗ ರೇಷನ್ ಅಂಗಡಿಯ ಸಾಲಿಗೂ ನಿಲ್ಲುವುದಿಲ್ಲ, ಎಲ್ಲರೂ ಹೋದ ಮೇಲೆ ಹೋಗಿ ಅಕ್ಕಿ ತೀರಿತು ಎನಿಸಿಕೊಂಡು ಬರುತ್ತಾಳೆ. ಕಾವಲುಗಾರನ ಪಾತ್ರದ ಈರಯ್ಯ ಮನೆಯಲ್ಲಿ ನಾಯಿಗೂ ಹಚಾ ಅನ್ನುವುದಿಲ್ಲವಂತೆ, ಅವನ ಹೆಂಡತಿಗೆ ಅದೇ ನಗೆ, ಇಂಥಾ ನಾಟಕ ಲಗ್ನದ ವರ್ಷನ ಮಾಡಿಸಬೇಕಿತ್ತು ನೋಡ್ರಿ, ಅಂತಾಳೆ. ಎಲ್ಲರೂ ನಗುತ್ತಾರೆ, ಸುಭಾಷ್ ಕೂಡ, ನಗೆ ಎಲ್ಲಿಂದಲೋ ಬಂದು ಬಾಯಲ್ಲಿ ಕೂತು ಎದ್ದು ಹೋಗುತ್ತದೆ.

ಅಪ್ಪ ಹುಲಿಗೆಪ್ಪ ಇದ್ದಿದ್ದರೆ ಏನೆನ್ನುತ್ತಿದ್ದ. ಏಕತಾರಿ ಹಿಡಿದು ಭಜನೆಯಲ್ಲಿ ಮುಂದೆ ಕೂಡುತ್ತಿದ್ದವನು, ಅಕ್ಷರ ಬಾರದವನು, ಕೇಳಿ ಕೇಳಿಯೇ ನೂರಾರು ಪದ ಬಾಯಿಪಾಠ ಮಾಡಿದವನು, ಅವನ ಬೆನ್ನಿಗೊರಗಿ ಕೂತ ಹುಡುಗನಿಗೆ ಅರ್ಥ ತಿಳಿಯುವ ಮೊದಲೇ ದನಿ ತಿಳಿದಿತ್ತು, ಬೆನ್ನಿನಿಂದಲೇ ಬರುತ್ತಿತ್ತು ಪದ. ಬಾಯಿಗೆ ತೊಗೊಂಡದ್ದು ಮೈಯಾಗ ಮನಿ ಮಾಡ್ತದಪಾ, ನೋಡಿ ತೊಗೋ, ಅನ್ನುತ್ತಿದ್ದ. ನೋಡಿಯೇ ತೆಗೆದುಕೊಂಡಿದ್ದೆ ಯಪ್ಪಾ. ಯಾಕೋಬ ಕೂಸನ್ನು ಸಂತೈಸಲೆಂದು ಸರ್ ಬರೆದುಕೊಟ್ಟ ಮಾತು ಪುಸ್ತಕದಂತಿತ್ತು, ತಾಲೀಮಿನಲ್ಲಿ ನಾಲಿಗೆಗೆ ಒಗ್ಗಲಿಲ್ಲ, ನಿಮ್ಮವ್ವ ಸಣ್ಣಂದಾಗ ನಿನಗ ಕಟಿಂಗ್ ಮಾಡಿಸುವಾಗ ಏನಂತಿದ್ದಳು ಅದನ್ನ ಅನ್ನು, ಅಂದರು ಸರ್, ಅವನು ಅಂದ, ಸರ್ ತಾವು ಬರೆದ ಸಾಲು ಹೊಡೆದುಹಾಕಿದರು, ಇದ ಇರಲಿ, ಹುಗ್ಗಿ ತಗದು ಗಂಜಿ ಹಾಕು ಅಷ್ಟ, ಶಿಬಿರದಾಗ ಹುಗ್ಗಿ ಎಲ್ಲೀದು. ಅವ್ವ ಬೂದೆಮ್ಮನ ಮಾತು. ಅದನ್ನು ಅವನು ಬಾಗಿಲ ಮುಂದೆ ಕೂತು ಊರೂರ ಕೂಸುಗಳಿಗೆ ಹೇಳಿದ, ಹೇಳಿ ಬಾಗಿಲ ಕಡೆ ತಿರುಗಿಸಿದ, ಅವ್ವನಿಗೆ ಗೊತ್ತಿಲ್ಲ, ಅವ್ವನನ್ನು ಆಟಕ್ಕೆ ಕರೆದೇ ಇಲ್ಲ, ಇವತ್ತು ಸಂಜೆ ಆಟ ದೇವದುರ್ಗದಲ್ಲೇ ಇದೆ, ಕರೆದಿಲ್ಲ.

ಕತ್ತರಿ ಕೂದಲಿಗೆ ತಾಗಿತು, ಕೂಸು ಕಿಟಾರನೆ ಚೀರಿತು. ಕಾಲು ಝಾಡಿಸಿತು, ತಲೆ ಆ ಕಡೆ ಈ ಕಡೆ, ತೊಡೆಯ ಮೇಲಿನ ಟವೆಲ್ಲು ಜಾರಿತು, ಒಲ್ಲೆ ಮಾವಾ, ಒಲ್ಲೆ. ಹಿಂಗ ಅಳಾಕತ್ರ ಕತ್ತರಿ ಚುಚ್ಚೀತು, ಹಿಡಕೋ ಗಟ್ಟ್ಯಾಗಿ, ಇದು ಅಂಬರೇಶ. ಹಿಡಿಯೂದಲ್ಲ, ಏನರೆ ಹೇಳಪಾ ಕೂಸಿಗಿ, ಸೋದರಮಾವ ಅಂತ ಬೊಂಬಿಯಂಗ ಕುಂತರ ಆಗ್ತದೇನು, ಇದು ಸೆರಗೊಡ್ಡಿದವಳು. ಹೇಳಬೇಕು. ಏನಾದರೂ. ಗುಬ್ಬಿ ನೋಡು, ಹೊಳೆ ನೋಡು, ಹೊಸ ಲಂಗ ತಂದೀನಿ, ಅದೆಲ್ಲ ಇದೆ ಎಲ್ಲೋ, ಹುಡುಕಿದರೆ ಬಾಯಿ ಖಾಲಿ, ಕೊಡ ಬೋರಲು ಹಾಕಿದಂತೆ ಖಾಲಿ, ಒಂದೇ ಒಂದು ತಳಕ್ಕೆ ಅಂಟಿಕೊಂಡಿದೆ. ಅವ್ವ ಹಿಂದಿನಿಂದ ಅಂದಳು, ನಗುತ್ತಲೇ ಅಂದಳು, ನಾ ನಿನಗ ಅಂತಿದ್ದಿಲ್ಲೇನೋ ಸುಭಾಸಾ, ಅದನ್ನ ಅನ್ನು, ನೀ ಹೆಂಗ ಗಪ್ಪಾಗತಿದ್ದಿ. ಬ್ಯಾಡ ಬೇ, ಅನ್ನಬೇಕೆಂದುಕೊಂಡ. ಹೇಳೋ ಆ ಕೂಸಿಗಿ, ಅಂದಳು ಕಿವಿಯೊಳಗೆ ಕುರ್ಡಿಯ ಮುದುಕಿ. ಕೂದ್ಲ ತಗದ ಮ್ಯಾಲ ಜಳಕ, ಅಂದಿತು ಅವನ ಬಾಯಿ, ಮೆತ್ತಗೆ, ಸಾವಕಾಶ, ಎಲ್ಲಿ ಉಸಿರು ಬಿಡಬೇಕೋ ಅಲ್ಲಿ ಬಿಟ್ಟು, ಜಳಕ ಆದ ಮ್ಯಾಲ ಬಿಸಿ ಬಿಸಿ ಗಂಜಿ, ಸುಮ್ಮ ಕೂಡು ನನ್ನ ಬಂಗಾರ. ಅಯ್ಯ, ಗಂಜಿ ಯಾಕಣ್ಣಾ, ಹುಗ್ಗಿ ಮಾಡೀವಿ, ತುಪ್ಪದ್ದು, ಅಂದಳು ಮಲ್ಲಿಕಾ, ಎಲ್ಲರೂ ನಕ್ಕರು, ಅವ್ವ ಎಲ್ಲರಿಗಿಂತ ಜೋರು, ನೋಡ್ರಿ ಗಪ್ಪಾತು ನೋಡ್ರಿ, ಅಂದಳು. ಕೂಸು ಅಳು ನಿಲ್ಲಿಸಿತ್ತು. ನಂಬಿತ್ತು. ಒಮ್ಮೆ ಬಿಕ್ಕಿ, ಮೂಗು ಏರಿಸಿ, ಯಾರೂ ಹೇಳದೆ, ತಾನಾಗಿಯೇ ಕತ್ತು ಮುಂದಕ್ಕೆ ಬಾಗಿಸಿ ಕೊಟ್ಟಿತು, ಮಾನ್ವಿಯದೂ ಹೀಗೆಯೇ ಕೊಟ್ಟಿತ್ತು, ಕತ್ತರಿ ಬಾಯಿ ತೆರೆದಿದೆ, ಅತ್ತೆಯ ಸೆರಗು ತೆರೆದಿದೆ, ಹೊಳೆ ಹರಿಯುತ್ತಿದೆ ಅಥವಾ ನಿಂತಿದೆ, ಯಾರ ಕಣ್ಣು ಬೀಳಬಾರದೆಂದು ಇಟ್ಟಿದ್ದಾಳೆ ಮಲ್ಲಿಕಾ, ಯಾರದು, ಬಾಗಿದ ಆ ಪುಟ್ಟ ಕತ್ತು, ಬಲಗಿವಿಯ ಹಿಂದೆ, ಬೆವರಿಗೂ ಅಳಿಸದೆ, ಕಪ್ಪಗೆ, ಆ ಬೊಟ್ಟು, ಆ ಬೊಟ್ಟು