ಮಟಲೇನಾ ದೊಡ್ಡಮ್ಮನ ಕಪ್ಪು ಕಿಟಕಿ

ನಮ್ಮೂರಿನ ಹೆಂಗಸರ ಸಮಿತಿಯ ಮನೆಗೆ ಗೋಡೆಗಳಿಲ್ಲ. ಸುತ್ತ ಕಂಬಗಳು, ಕಂಬಗಳ ನಡುವೆ ಮೇಲೆತ್ತಿ ಕಟ್ಟಿದ ತೆಂಗಿನ ಗರಿಯ ತಟ್ಟಿಗಳು. ಮಳೆ ಓರೆಯಾಗಿ ಹೊಡೆದರೆ ಇಳಿಸುತ್ತೇವೆ, ನಿಂತ ಕೂಡಲೇ ಎತ್ತುತ್ತೇವೆ. ಬಿಸಿಲಿರುವಾಗ ಯಾರದಾದರೂ ಮನೆಯ ತಟ್ಟಿ ಇಳಿದಿದ್ದರೆ ಮೂರು ಮನೆಯಾಚೆಯಿಂದಲೂ ಜನ ಬಂದು ಯಾರಿಗೆ ಹುಷಾರಿಲ್ಲ ಎಂದು ವಿಚಾರಿಸುತ್ತಾರೆ. ಹುಟ್ಟಿದಾಗಿನಿಂದ ಇದನ್ನು ಬಲ್ಲ ನಾನು, ಸಮಿತಿಯ ಕಂಪ್ಯೂಟರಿಗೆ ತಂತ್ರಾಂಶ ಬರೆಯುವಾಗ ಮಾತ್ರ ಮರೆತಿದ್ದೆ.

ಸಮಿತಿಗೆ ಇದ್ದದ್ದು ಒಂದೇ ಕಂಪ್ಯೂಟರ್. ಚಾಪೆ ನೇಯುವವರ ಮಧ್ಯೆ, ಮೇಜಿನ ಮೇಲೆ, ಎಲ್ಲರ ಕಣ್ಣೆದುರಿಗೆ. ಕೇದಗೆ ಎಲೆ ಸೀಳುವ ಅಮ್ಮಂದಿರಿಗೆ ಸುಲಭವಾಗಲೆಂದು ನಾನು ಪರದೆಯ ಮೇಲೆ ಮೂರು ಚಿತ್ರ ಇಟ್ಟಿದ್ದೆ. ಹಡಗನ್ನು ಒತ್ತಿದರೆ ಬ್ರೌಸರ್ ತೆರೆದು ಹಡಗಿನ ವೇಳೆ ತೋರಿಸುತ್ತದೆ. ಚಾಪೆಯನ್ನು ಒತ್ತಿದರೆ ಆಕ್ಲೆಂಡಿನ ನೆಂಟರು ಯಾವ ಚಾಪೆ ಬೇಕೆಂದು ಬರೆದಿರುತ್ತಾರೆ. ಹಸಿರೆಲೆಯನ್ನು ಒತ್ತಿದರೆ ಪಕ್ಕದ ದ್ವೀಪದ ಅಪಿಯಾ ಪಟ್ಟಣದ ಡಾಕ್ಟರನ್ನು ಪ್ರಶ್ನೆ ಕೇಳುವ ಪುಟ.

ಒಂದು ದಿನ ಫಿಪೆ ಅತ್ತೆ ಮೊಮ್ಮಗನ ಲಸಿಕೆಯ ಬಗ್ಗೆ ಕೇಳಲು ಹಸಿರೆಲೆ ಒತ್ತಿದಳು. ಪರದೆಯ ಮೇಲೆ ಬಂತು: "ಮಟಲೇನಾ ಅವರೇ, ನಿಮ್ಮ ಪ್ರಶ್ನೆ ಡಾಕ್ಟರನ್ನು ತಲುಪಿದೆ." ಮೊದಲು ಕೂತಿದ್ದವರ ಹೆಸರನ್ನು ಬ್ರೌಸರ್ ನೆನಪಿಟ್ಟುಕೊಂಡಿತ್ತು. ಫಿಪೆಯ ಕನ್ನಡಕ ಹಣೆಯ ಮೇಲಿತ್ತು, ಅದು ಮೂಗಿಗೆ ಇಳಿಯುವಷ್ಟರಲ್ಲಿ ನಾನು ಪುಟ ಮುಚ್ಚಿದೆ. ಎದುರಿಗೆ ಕೂತಿದ್ದ ಮಟಲೇನಾ, ನನ್ನ ತಾಯಿಯ ಅಕ್ಕ, ನೇಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

ಸಂಜೆ ನೀರುಕ್ಕುವ ಊಟೆಯ ಬಳಿ ಬಟ್ಟೆ ಹಿಂಡುತ್ತಾ ದೊಡ್ಡಮ್ಮ ಹೇಳಿದಳು, "ಎದೇಲಿ ಗಂಟಾಗಿದೆ ಕಣೇ ಸೀಯಾ. ಕೋಕೋ ಬೀಜದಷ್ಟು."

"ಅಯ್ಯೋ ದೊಡ್ಡಮ್ಮಾ..."

"ಇದೇ, ಇದೇ ಬೇಡ ಅನ್ನೋದು! ವಿಷ್ಯ ಹೊರಗೆ ಬಿದ್ರೆ ಪಾದ್ರಿ ಬರ್ತಾರೆ, ಹಾಡೋರು ಬರ್ತಾರೆ, ನಿಮ್ಮ ಮಾವ ಹಂದಿ ಕಡೀತಾನೆ. ನಾನಿನ್ನೂ ಸತ್ತಿಲ್ವಲ್ಲೇ! ಅಷ್ಟು ಜನ ಅತ್ರೆ ನಂಗೆ ಧೈರ್ಯ ಹೋಗುತ್ತೆ. ಹಡಗು ಹತ್ತೋದೇ ಇಲ್ಲ ನಾನು. ನನ್ನ ಬುದ್ಧಿ ನಂಗೊತ್ತು. ಡಾಕ್ಟ್ರು ಯಾವತ್ತು ಬಾ ಅಂತಾರೋ ಅವತ್ತು ಸುಮ್ಮನೆ ಹೋಗಿ ತೋರಿಸ್ಕೊಂಡು ಬರ್ತೀನಿ."

ವೆಲ್ಲಿಂಗ್ಟನ್ನಿನಲ್ಲಿ ಓದಿದ ಮೂರು ವರ್ಷ ನನಗೊಂದು ಕೋಣೆಯಿತ್ತು, ಕೋಣೆಗೆ ಬಾಗಿಲಿತ್ತು. ಆ ಬಾಗಿಲನ್ನು ನೆನೆದುಕೊಂಡೇ ತಂತ್ರಾಂಶವನ್ನು ತಿದ್ದಿದೆ. ಇನ್ನು ಮೇಲೆ ಯಾವ ಚಿತ್ರ ಒತ್ತಿದರೂ ಬ್ರೌಸರಿನ ಗುಟ್ಟಿನ ಕಿಟಕಿಯೇ ತೆರೆಯಬೇಕು. ಮುಚ್ಚಿದೊಡನೆ ಹೆಸರು, ಪಾಸ್‌ವರ್ಡ್, ನೋಡಿದ್ದು, ಬರೆದದ್ದು ಎಲ್ಲವನ್ನೂ ಅದು ಮರೆಯಬೇಕು.

ಮರುದಿನವೇ ಗಲಾಟೆ.

"ಏ ಸೀಯಾ, ಇದಕ್ಕೇನು ಅರಳುಮರಳಾ?" ಎಂದಳು ಫಿಪೆ. "ಚಾಪೆ ನೋಡೋಕೆ ಬೆಳಗ್ಗಿಂದ ಆರು ಸಲ ಪಾಸ್‌ವರ್ಡ್ ಕೇಳ್ತು. ನನ್ನ ಗಂಡನೇ ವಾಸಿ ಕಣೇ, ಅವನಿಗೆ ಊಟದ ಹೊತ್ತಾದ್ರೂ ನೆನಪಿರುತ್ತೆ."

ಚಾಪೆಯನ್ನೂ ಹಡಗನ್ನೂ ಮೊದಲಿನಂತೆ ಮಾಡಿಕೊಟ್ಟೆ. ಹಸಿರೆಲೆಗೆ ಮಾತ್ರ ಗುಟ್ಟಿನ ಕಿಟಕಿಯನ್ನೇ ಉಳಿಸಿದೆ. ನನಗೆ ಹೊಳೆಯದೇ ಹೋದದ್ದು ಅದರ ಬಣ್ಣ. ಅದು ಕಪ್ಪು. ಮೂರೂ ಕಪ್ಪಾಗಿದ್ದಾಗ ಯಾರೂ ಗಮನಿಸಿರಲಿಲ್ಲ, ಈಗ ಉಳಿದೆರಡು ಬಿಳಿ.

ಮಾರನೆಯ ಮಧ್ಯಾಹ್ನ ಫಿಪೆ ಲಸಿಕೆಯ ವಿಷಯ ಕೇಳಲು ಮತ್ತೆ ಕೂತಳು. ಬಿಸಿಲು ತುಂಬಿದ ಮನೆಯ ನಡುವೆ ಪರದೆ ಕಪ್ಪಗಾಯಿತು. ಹದಿನೈದು ಜೋಡಿ ಕೈ ನಿಂತವು.

"ಯಾಕೆ ಫಿಪೆ, ಯಾರಿಗೆ ಏನಾಯ್ತು?"

"ಏನೂ ಇಲ್ಲ ಕಣ್ರೇ, ಲಸಿಕೆ!"

"ಲಸಿಕೆಗೆ ಯಾರಾದ್ರೂ ಕತ್ತಲೆ ಮಾಡ್ತಾರಾ? ಹೇಳೇ, ನಮ್ಮ ಹತ್ರ ಎಂಥ ಮುಚ್ಚುಮರೆ?"

ಸಂಜೆಯೊಳಗೆ ಫಿಪೆಯ ಮೊಮ್ಮಗನಿಗೆಂದು ಮೂರು ಮನೆಗಳಿಂದ ಬಿಸಿ ಕೋಕೋ ಬಂತು. ಒಬ್ಬಳು ಅತ್ತೂ ಹೋದಳು. ಆ ಮಗು ಅಂಗಳದಲ್ಲಿ ಕೋಳಿ ಅಟ್ಟಿಸಿಕೊಂಡು ಓಡುತ್ತಿತ್ತು.

ಅಂದಿನಿಂದ ದೊಡ್ಡಮ್ಮ ಮೇಜಿನ ಹತ್ತಿರ ಸುಳಿಯಲಿಲ್ಲ. ಒಂದು ದಿನ, ಎರಡು ದಿನ, ನಾಲ್ಕು ದಿನ. ಡಾಕ್ಟರ ಉತ್ತರ ಬಂದಿರಬೇಕು, ಬರಹೇಳಿದ ದಿನ ದಾಟಿಯೂ ಹೋಗಬಹುದು. ನನ್ನ ಫೋನಿನಲ್ಲಿ ನೋಡು ಎಂದರೆ, "ನಿನ್ನ ಫೋನ್ ನಿನ್ನದು" ಎಂದು ಮುಖ ತಿರುಗಿಸಿದಳು.

ಅಜ್ಜಿಯ ಕಥೆಯಲ್ಲಿ ಒಂದು ಆಕ್ಟೋಪಸ್ ಬರುತ್ತಿತ್ತು. ಅದು ಅಡಗಲು ಗುಹೆ ಹುಡುಕುತ್ತಿರಲಿಲ್ಲ. ಯಾವ ಕಲ್ಲಿನ ಮೇಲೆ ಕೂತಿದೆಯೋ ಆ ಕಲ್ಲಿನ ಬಣ್ಣವಾಗುತ್ತಿತ್ತು. ಹವಳದ ಮೇಲೆ ಹವಳ, ಮರಳಿನ ಮೇಲೆ ಮರಳು. ಮೀನುಗಾರನ ಈಟಿ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಐದನೆಯ ಬೆಳಿಗ್ಗೆ ನಾನು ಕಪ್ಪು ಕಿಟಕಿಯನ್ನು ಕಿತ್ತುಹಾಕಿದೆ. ಉಳಿದೆರಡರಂತೆಯೇ ಬೆಳ್ಳಗೆ ತೆರೆದು, ಮುಚ್ಚಿದಾಗ ತನ್ನೊಳಗಿನದನ್ನೆಲ್ಲ ಅಳಿಸಿಕೊಳ್ಳುವ ಕಿಟಕಿ ಮಾಡಿ ಊಟೆಯ ಬಳಿಗೆ ಓಡಿದೆ.

"ಯಾರಿಗೂ ಗೊತ್ತಾಗಲ್ಲ ದೊಡ್ಡಮ್ಮ. ಅದೇ ಮರೆತುಬಿಡುತ್ತೆ."

"ಮರೀಬೇಕು ಅಂತ ಯಾರಂದ್ರು?"

"ನಾನೇ... ನಿಂಗೋಸ್ಕರ..."

"ನೀನೂ ಫಿಪೆನೂ ಒಂದೇ ಕಣೇ. ಅವಳು ಕೇಳದೆ ಇಣುಕ್ತಾಳೆ, ನೀನು ಕೇಳದೆ ಮುಚ್ತೀಯ. ಗಂಟು ನಂದು. ಯಾವಾಗ ಹೇಳ್ಬೇಕು, ಯಾವಾಗ ಬೇಡ, ಅದೂ ನಂದು."

ಒದ್ದೆ ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕೇರಿಸಿ ಹೊರಟೇಬಿಟ್ಟಳು. ನಾನು ಹೋಗಿ ತಂತ್ರಾಂಶಕ್ಕೆ ಒಂದೇ ಸಾಲು ಸೇರಿಸಿದೆ. ಇನ್ನು ಯಾರು ಯಾವ ಚಿತ್ರ ಒತ್ತಿದರೂ ಮೊದಲು ಅದು ಕೇಳುತ್ತದೆ: ನೆನಪಿಡಲೇ, ಮರೆಯಲೇ? ಹಸಿರೆಲೆಯಲ್ಲಿ ಉತ್ತರ ಕೊಡದಿದ್ದರೆ ಮರೆಯುತ್ತದೆ, ಉಳಿದವುಗಳಲ್ಲಿ ನೆನಪಿಡುತ್ತದೆ. ಯಾವುದನ್ನು ಆರಿಸಿದರೂ ಕಿಟಕಿ ಬಿಳಿಯೇ.

ಸೋಮವಾರ ಮಧ್ಯಾಹ್ನ ಹದಿನೈದು ಹೆಂಗಸರ ನಡುವೆ ದೊಡ್ಡಮ್ಮ ಎದ್ದು ಹೋಗಿ ಮೇಜಿನ ಮುಂದೆ ಕೂತಳು. ಫಿಪೆ ತನ್ನ ಸೊಸೆ ಸೀಯಿಸಿದ ಗೆಡ್ಡೆಯ ಕಥೆ ಹೇಳುತ್ತಿದ್ದಳು. ನಗುವವರು ನಗುತ್ತಿದ್ದರು. ಯಾರೂ ತಲೆಯೆತ್ತಲಿಲ್ಲ. ದೊಡ್ಡಮ್ಮ ಓದಿದಳು, ಇನ್ನೊಮ್ಮೆ ಓದಿದಳು, ಮುಚ್ಚಿದಳು.

"ನಾಳೆ ಬೆಳಗ್ಗೆ ಹಡಗಿಗೆ ಅಪಿಯಾಗೆ ಹೋಗ್ತೀನಿ," ಎಂದಳು. "ಚಾಪೆ ಅಂಚಿಗೆ ಕೆಂಪು ಪುಕ್ಕ ಸಾಲದು."

"ನಂಗೂ ಒಂದು ಕಟ್ಟು ತಗೊಂಡ್ಬಾ," ಎಂದಳು ಫಿಪೆ. "ಹೋದ್ಸಲದ ಥರ ಮಾಸಿರೋದು ತರ್ಬೇಡ ಮಾರಾಯ್ತಿ."

ಅವರೆಲ್ಲ ಕೋಕೋ ಕುಡಿಯಲು ಎದ್ದಾಗ ಮೇಜಿನ ಬಳಿ ನಾನೊಬ್ಬಳೇ. ಅವಳು ಯಾವುದನ್ನು ಆರಿಸಿದಳೋ ಗೊತ್ತಿಲ್ಲ. ನೆನಪಿಡು ಎಂದಿದ್ದರೆ, ಹಸಿರೆಲೆ ಒತ್ತಿದರೆ ಸಾಕು, ಡಾಕ್ಟರು ಬರೆದದ್ದೆಲ್ಲ ನನ್ನ ಮುಂದಿರುತ್ತದೆ. ಬೆರಳು ಅಲ್ಲಿಯವರೆಗೆ ಹೋಯಿತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ನಾನು ಎದ್ದು ಹೊರಗೇ ಬರಬೇಕಾಯಿತು.

ಬೆಳಿಗ್ಗೆ ಹಡಗಿನ ಧಕ್ಕೆಯಲ್ಲಿ ದೊಡ್ಡಮ್ಮನ ಚೀಲ ಹೊತ್ತು ನಿಂತಿದ್ದೆ. ಡಾಕ್ಟರು ಏನು ಬರೆದಿದ್ದರೆಂದು ನಾನು ಕೇಳಲಿಲ್ಲ. ಹಲಗೆಯ ಮೇಲೆ ಕಾಲಿಡುವ ಮುಂಚೆ ಚೀಲ ಇಸಿದುಕೊಂಡು, "ಬೆನ್ನು ನೆಟ್ಟಗೆ ಮಾಡ್ಕೊಂಡು ನಿಲ್ಲೇ, ನೀನೇನು ರೋಗಿಷ್ಟಳಾ?" ಎಂದು ಗದರಿ ಹಡಗು ಹತ್ತಿದಳು.