ಬೀಗರ ಹುಡುಗನ ಕಾಲು

ಆ ವರ್ಷ ಜನವರಿ ಮುಗಿಯುವವರೆಗೆ ಶಿಗ್ಗಾಂವದ ಫಕ್ಕೀರೇಶನನ್ನು ದಾಟಿ ಹೋದವನು ಒಬ್ಬನೂ ಇರಲಿಲ್ಲ. ಇದು ಓಣಿಯ ಅಭಿಮಾನದ ಮಾತಲ್ಲ, ಮೃತ್ಯುಂಜಯ ಸರ್ ಅವರ ನೋಟ್‌ಬುಕ್ಕಿನಲ್ಲಿದ್ದ ಸಂಗತಿ. ಸರ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಪುಣೆಯಲ್ಲಿ ಓದುವಾಗ ರಗ್ಬಿ ಆಡಿ ಒಂದು ಕಿರುಬೆರಳು ಸೊಟ್ಟ ಮಾಡಿಕೊಂಡು ಬಂದಿದ್ದರು. ಊರಿಗೆ ಆ ಆಟ ತಂದವರೂ ಅವರೇ. ಲೋಲಕದ ತೂಗಾಟ ಎಣಿಸುವ ಶ್ರದ್ಧೆಯಿಂದ ಅವರು ತಮ್ಮ ಹದಿನೆಂಟರೊಳಗಿನ ತಂಡದ ಒಂದೊಂದು ಹಿಡಿತವನ್ನೂ ಗುರುತು ಹಾಕುತ್ತಿದ್ದರು. ಐದು ಪಂದ್ಯಗಳಲ್ಲಿ ಚೆಂಡು ಹಿಡಿದು ಬಂದ ಮೂವತ್ತೊಂದು ಓಟಗಾರರ ಮೇಲೆ ಫಕ್ಕೀರೇಶ ಬಿದ್ದಿದ್ದ. ಮೂವತ್ತೊಂದು ಮಂದಿಯೂ ನೆಲ ಕಂಡಿದ್ದರು. ನೂರಕ್ಕೆ ನೂರು ಎಂದು ಬರೆಯಲು ಮಾತ್ರ ಸರ್‌ಗೆ ಕೈ ಬಾರದು. ಪ್ರಯೋಗಶಾಲೆಯಲ್ಲಿ ಅಂಥ ಅಂಕಿ ಬಂದರೆ ಮೊದಲು ಉಪಕರಣವನ್ನೇ ಪರೀಕ್ಷಿಸಬೇಕೆಂಬುದು ಅವರು ಕಲಿತ ಶಿಸ್ತು.

ಹಾನಗಲ್ಲು, ಶಿಗ್ಗಾಂವ, ಸವಣೂರು, ಹಿರೇಕೆರೂರು ಹೀಗೆ ನಾಲ್ಕು ಊರಿನ ಕ್ಲಬ್ಬುಗಳು ಆಡುವ ಪಂದ್ಯಾವಳಿ ಅದು. ಆಡುವವರೆಲ್ಲ ಕಬಡ್ಡಿಯಲ್ಲಿ ಬೆಳೆದ ಹುಡುಗರು. ಹಿರೇಕೆರೂರಿನ ಒಬ್ಬ ಮೊದಲ ಪಂದ್ಯದಲ್ಲೇ ಎದುರಾಳಿಯ ಗೆರೆ ದಾಟಿ, ಚೆಂಡನ್ನು ನೆಲಕ್ಕೆ ಒತ್ತದೆ, ಬಗಲಲ್ಲಿಟ್ಟುಕೊಂಡೇ ಉಸಿರು ಬಿಗಿಹಿಡಿದು ತನ್ನ ಅಂಗಳಕ್ಕೆ ಜೀವಂತ ಮರಳಿದ್ದ. ತಿರುಗಿ ಬರದೆಯೂ ಅಂಕ ಸಿಗುತ್ತದೆಂದು ನಂಬಲು ಅವನಿಗೆ ಎರಡು ತಿಂಗಳು ಹಿಡಿಯಿತು. ಚೆಂಡನ್ನು ಕೈಯಿಂದ ಹಿಂದಕ್ಕಷ್ಟೇ ಎಸೆಯಬೇಕೆಂಬ ನಿಯಮವಂತೂ ಹಾನಗಲ್ಲಿನವರಿಗೆ ಕಡೆತನಕ ಅನ್ಯಾಯವಾಗಿಯೇ ಕಂಡಿತು.

ಇಂಥವರ ನಡುವೆ ಇಬ್ಬರು ಎದ್ದು ಕಾಣುತ್ತಿದ್ದರು. ಒಬ್ಬ ಫಕ್ಕೀರೇಶ. ತಂಡದ ಎಲ್ಲರ ಹಿಂದೆ ಒಬ್ಬನೇ ನಿಲ್ಲುವ ಫುಲ್‌ಬ್ಯಾಕ್. ಅವನನ್ನು ದಾಟಿದರೆ ಮುಂದೆ ಗೆರೆಯೊಂದೇ. ಇನ್ನೊಬ್ಬ ಸವಣೂರಿನ ಉಡಚಪ್ಪ. ಅಂಗಳದ ಅಂಚಿನಲ್ಲಿ ಓಡುವ ಹುಡುಗ, ಐದು ಪಂದ್ಯಗಳಲ್ಲಿ ಒಂಬತ್ತು ಟ್ರೈ ಹೊಡೆದಿದ್ದ, ಅಂದರೆ ಒಂಬತ್ತು ಸಲ ಗೆರೆಯಾಚೆ ಚೆಂಡು ಒತ್ತಿದ್ದ. ಡಿಸೆಂಬರಿನಲ್ಲಿ ಇಬ್ಬರೂ ಸವಣೂರಿನಲ್ಲಿ ಎದುರಾಗಿದ್ದರು. ಅಂದು ಫಕ್ಕೀರೇಶ ಅವನನ್ನು ನಾಲ್ಕು ಸಲ ಕೆಡವಿ, ನಾಲ್ಕು ಸಲವೂ "ಏಳಲೇ" ಎಂದಿದ್ದ. ಉಡಚಪ್ಪನೂ ಅಷ್ಟೇ ಮರ್ಯಾದೆಯ ಉತ್ತರ ಕೊಟ್ಟಿದ್ದ.

ಫೆಬ್ರವರಿಯ ಎರಡನೆಯ ಭಾನುವಾರ ಕೊನೆಯ ಪಂದ್ಯ: ಶಿಗ್ಗಾಂವದ ಕಾಲೇಜು ಮೈದಾನದಲ್ಲಿ ಸವಣೂರಿನ ಎದುರು. ರಾಜ್ಯ ಶಿಬಿರಕ್ಕೆ ಹುಡುಗರನ್ನು ಆರಿಸುವ ಉಳವಪ್ಪನವರು ಧಾರವಾಡದಿಂದ ಬರುವವರಿದ್ದರು. ನಾಲ್ಕೂ ಕ್ಲಬ್ಬಿಗೆ ಸೇರಿ ಒಂದೇ ಹೆಸರು ಎಂದು ಪತ್ರದಲ್ಲಿ ಮೊದಲೇ ತಿಳಿಸಿದ್ದರು. ಫಕ್ಕೀರೇಶನಿಗೆ ಆ ಶಿಬಿರ ಬಿಟ್ಟು ಬೇರೆ ಯೋಚನೆ ಇರಲಿಲ್ಲ. ರಾತ್ರಿ ಮಲಗಿದರೂ ತೋಳು ತಂತಾನೇ ಮುಂದೆ ಚಾಚುತ್ತವೆಂದು ಅವನ ಅವ್ವ ಅಡಿವೆವ್ವ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು.

ಅಷ್ಟರಲ್ಲಿ ಅವನ ಅಕ್ಕ ವಿದ್ಯಾಳ ಮದುವೆ ನಿಶ್ಚಯವಾಯಿತು. ಹುಡುಗ ಸವಣೂರಿನವನು, ಕರೆಂಟಿನ ಲೈನ್‌ಮನ್. ಒಳ್ಳೆಯ ಮನೆ, ಒಳ್ಳೆಯ ನಡತೆ, ವಿದ್ಯಾ ಹಾವೇರಿಯಲ್ಲಿ ನರ್ಸಿಂಗ್ ಮುಗಿಸಲು ಯಾರದೂ ತಕರಾರಿಲ್ಲ. ತಕರಾರು ಇದ್ದದ್ದು ಒಂದೇ: ಅವನ ತಮ್ಮ ಉಡಚಪ್ಪ.

ನಿಶ್ಚಯದ ದಿನ ಬೀಗರ ಪೈಕಿ ಏಳು ಮಂದಿ ಟಂಟಂ ಗಾಡಿಯಿಂದ ಇಳಿದರು. ಹೆಣ್ಣಿನ ತಮ್ಮನಾದ್ದರಿಂದ ಬಾಗಿಲಲ್ಲಿ ತಂಬಿಗೆ ಹಿಡಿದು ಅವರ ಕಾಲಿಗೆ ನೀರು ಕೊಡುವ ಕೆಲಸ ಫಕ್ಕೀರೇಶನದು. ಆರು ಜೋಡಿ ಕಾಲು ಸುಸೂತ್ರವಾಗಿ ತೊಳೆದದ್ದಾಯಿತು. ಏಳನೆಯ ಜೋಡಿ ಬಂದಾಗ ಅವನು ತಲೆ ಎತ್ತಬೇಕಾಗಿರಲಿಲ್ಲ. ಆ ಮೀನಖಂಡಗಳ ಪರಿಚಯ ಅವನಿಗೆ ಚೆನ್ನಾಗಿತ್ತು. ಮೇಲಿನಿಂದ ಉಡಚಪ್ಪ ಬಲು ಮೆಲ್ಲಗೆ, ಸಾಕ್ರಿ, ಅಂದ. ಅಂದಿನಿಂದ ಇಬ್ಬರ ನಡುವೆ 'ಲೇ' ಹೋಗಿ 'ರಿ' ಬಂತು. ಇಬ್ಬರಿಗೂ ಅದು ಹೊಸ ಬೂಟಿನ ಹಾಗೆ ಕಚ್ಚುತ್ತಿತ್ತು.

ಪಂದ್ಯದ ಹಿಂದಿನ ಸಂಜೆ ಅಡಿವೆವ್ವ ರೊಟ್ಟಿ ಬಡಿಯುತ್ತ ವಿಷಯ ತೆಗೆದಳು. ಬೀಗಿತಿ ದುರಗವ್ವನೂ ಆಟ ನೋಡಲು ಬರುತ್ತಾಳೆ. ಅವಳ ಕಣ್ಣೆದುರು ಅವಳ ಮಗನ ಕಾಲು ಹಿಡಿದೆಳೆದು ಕೆಡವಿದರೆ, ನಾಳೆ ಅವರ ಮನೆಯಲ್ಲಿ ಬಾಳಬೇಕಾದ ಹುಡುಗಿಯ ಗತಿ ಏನು?

"ಉಳದವರನ್ನೆಲ್ಲಾ ಹಿಡಿಯಪಾ, ಯಾರ ಬ್ಯಾಡಂತಾರ. ಆ ಒಂದ ಹುಡುಗನ್ನ ಬಿಡು. ಮದುವಿ ಆಗೂಮಟಾ ತಡಿ," ಎಂದಳು.

ಮೂಲೆಯಲ್ಲಿ ಓದುತ್ತಿದ್ದ ವಿದ್ಯಾ ಪುಸ್ತಕದಿಂದ ತಲೆ ಎತ್ತದೆ, "ಚೆಂಡ ತಗೊಂಡ ಬಂದಾಗೂ ಕಾಲಿಗೆ ನೀರ ಕೊಡ್ತಾನಂತೇನು ಇಂವಾ?" ಎಂದು ಕೇಳಿದಳು. ಅವಳ ಮಾತನ್ನು ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ. ಮದುವೆ ಅವಳದು ಎಂಬುದು ಆ ಮನೆಯಲ್ಲಿ ಆಗಲೇ ಎಲ್ಲರಿಗೂ ಮರೆತುಹೋಗಿತ್ತು.

ಮರುದಿನ ಮೈದಾನದ ಪಕ್ಕದ ಬೆಂಚಿನ ಮೇಲೆ ಇಬ್ಬರು ಬೀಗಿತಿಯರು ಎಲೆಯಡಿಕೆಯ ಚೀಲ ನಡುವೆ ಇಟ್ಟುಕೊಂಡು ಕುಳಿತರು. ವಿದ್ಯಾ ಅವರ ಹಿಂದೆ ನಿಂತಳು. ಉಳವಪ್ಪನವರು ಮೇಜಿನ ಬಳಿ, ಮೃತ್ಯುಂಜಯ ಸರ್ ಅವರ ಪಕ್ಕ. ಪಂಚ ಬಂದೇಸಾಬ ಸೀಟಿ ಊದಿದ. ಹೆದ್ದಾರಿಯ ಲಾರಿಗಳ ಸದ್ದಿನಲ್ಲಿ ಅದು ಅರ್ಧ ಹುಡುಗರಿಗೆ ಕೇಳಿಸಲಿಲ್ಲ. ಉಳಿದರ್ಧ ಓಡಿದ್ದು ನೋಡಿ ಅವರೂ ಓಡಿದರು.

ಹತ್ತನೆಯ ನಿಮಿಷದಲ್ಲಿ ಉಡಚಪ್ಪ ಚೆಂಡು ಹಿಡಿದು ಅಂಚಿಗುಂಟ ಬಂದ. ಎದುರಿಗೆ ಫಕ್ಕೀರೇಶ ಒಬ್ಬನೇ. ಮೊಣಕಾಲು ಬಾಗಿದವು, ತೋಳು ಚಾಚಿದವು, ಎಲ್ಲ ಸರಿಯಾಗಿಯೇ ಇತ್ತು. ಆದರೆ ಕಣ್ಣು ಆ ಕಾಲುಗಳ ಮೇಲೆ ಬಿದ್ದದ್ದೇ ತಡ, ಕೈಯಲ್ಲಿ ತಂಬಿಗೆ ಇದ್ದಂತೆ ಅನಿಸಿತು. ಅವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಅಷ್ಟೇ ಆಗಿದ್ದರೆ ಜಾರಿದ ಎನ್ನಬಹುದಿತ್ತು. ಸರಿದ ಮೇಲೆ ಬಲಗೈ ತಾನಾಗಿ ಗೆರೆಯ ಕಡೆ ಚಾಚಿತು, ಊಟದ ಪಂಕ್ತಿಗೆ ದಾರಿ ತೋರಿಸುವವರ ಹಾಗೆ. ಇಡೀ ಮೈದಾನ ಅದನ್ನು ನೋಡಿತು. ಉಡಚಪ್ಪ ತಬ್ಬಿಬ್ಬಾಗಿ ಓಟ ನಿಧಾನಿಸಿ, ನಡೆದುಕೊಂಡೇ ಹೋಗಿ ಚೆಂಡು ನೆಲಕ್ಕೆ ಒತ್ತಿದ.

ಮೃತ್ಯುಂಜಯ ಸರ್ ಪೆನ್ನು ಎತ್ತಿದರು, ಇಳಿಸಿದರು. ಹಿಡಿತ ತಪ್ಪಿದರೆ ಹಾಕುವ ಗುರುತು ಅವರ ಬಳಿ ಇತ್ತು. ಆಮಂತ್ರಣಕ್ಕೆ ಹಾಕುವ ಗುರುತು ಇರಲಿಲ್ಲ. ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಇಪ್ಪತ್ತೆಂಟನೆಯ ನಿಮಿಷದಲ್ಲಿ ಇನ್ನೊಂದು ಹಾಕಬೇಕಾಯಿತು. ಅರ್ಧ ಆಟಕ್ಕೆ ಸವಣೂರು ಹನ್ನೆರಡು, ಶಿಗ್ಗಾಂವ ಹತ್ತು.

ಬೆಂಚಿನ ಮೇಲೆ ಅಡಿವೆವ್ವ ಸಮಾಧಾನದಿಂದ ಅಡಿಕೆ ಕತ್ತರಿಸುತ್ತಿದ್ದಳು. ಸಮಾಧಾನ ಇಲ್ಲದವನು ಉಡಚಪ್ಪ. ನೀರು ಕುಡಿಯಲು ಮೇಜಿನ ಹತ್ತಿರ ಹೋದಾಗ ಉಳವಪ್ಪನವರ ಮಾತು ಅವನ ಕಿವಿಗೆ ಬಿದ್ದಿತ್ತು. ಎದುರಿಗೆ ಯಾರೂ ತಡೆಯದಿದ್ದರೆ ಎಮ್ಮೆಯೂ ಟ್ರೈ ಹೊಡೆಯುತ್ತದೆ, ಈ ಹುಡುಗನ ಬಗ್ಗೆ ತಮಗೆ ಇನ್ನೂ ಏನೂ ತಿಳಿದಿಲ್ಲ ಎಂದು ಅವರು ಸರ್‌ಗೆ ಹೇಳುತ್ತಿದ್ದರು. ಉಡಚಪ್ಪ ನೇರವಾಗಿ ಫಕ್ಕೀರೇಶನ ಬಳಿ ಬಂದು, ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು, ಸಾಧ್ಯವಾದಷ್ಟು ಮರ್ಯಾದೆಯಿಂದ ನಿಂತ.

"ನನ್ನ ಹಿಡೀರಿ," ಅಂದ.

"ಹೆಂಗ್ ಹಿಡೀಲಿ ಹೇಳ್ರಿ. ನೀವು ಬೀಗರು."

"ನೀವು ಹಿಂಗ ದಾರಿ ಬಿಟ್ರ ನನ್ನ ಓಟ ಲೆಕ್ಕಕ್ಕ ಇಲ್ಲರಿ. ನನ್ನೂ ಕೆಡಿಸಿ ನೀವೂ ಕೆಡಾಕತ್ತೀರಿ. ದಯಮಾಡಿ ಕೆಡವ್ರಿ."

ಫಕ್ಕೀರೇಶ ಅವ್ವನ ಕಡೆ ನೋಡಿದ. ಇದು ಇಬ್ಬರು ಹುಡುಗರು ತೀರ್ಮಾನಿಸುವ ಮಾತಾಗಿರಲಿಲ್ಲ. ಹಿರಿಯರು ಹೇಳಿದ್ದನ್ನು ಹಿರಿಯರೇ ಹಿಂತೆಗೆದುಕೊಳ್ಳಬೇಕು. ಇಬ್ಬರೂ ಬೆಂಚಿನ ಬಳಿ ಹೋಗಿ, ಧೂಳು ಮೆತ್ತಿದ ಅಂಗಿಯಲ್ಲಿ ಕೈಕಟ್ಟಿ ನಿಂತರು. ಉಡಚಪ್ಪ ವಿಷಯ ವಿವರಿಸಿದ. ಅಡಿವೆವ್ವ ಬಾಯಿ ತೆರೆಯುವ ಮೊದಲೇ ವಿದ್ಯಾ ಹಿಂದಿನಿಂದ, ನನ್ನ ಸಲುವಾಗಿ ಯಾರೂ ಯಾರಿಗೂ ದಾರಿ ಬಿಡುವುದು ಬೇಡ ಎಂದಳು. ಈ ಮಾತಿಗೂ ಹಿಂದಿನ ಮಾತಿನ ಗತಿಯೇ ಆಗುತ್ತಿತ್ತೇನೋ. ಆದರೆ ದುರಗವ್ವ ಎಲೆಗೆ ಸುಣ್ಣ ಹಚ್ಚುತ್ತ, ಯಾರ ಮುಖವನ್ನೂ ನೋಡದೆ ಒಂದು ಮಾತು ತೇಲಿಬಿಟ್ಟಳು.

"ಇರಲಿ ಬಿಡವಾ. ನಮ್ಮ ಹುಡುಗನ್ನ ಹಿಡಿಯೂದು ಅವನ ಕೈಲೆ ಆಗಂಗಿಲ್ಲ ಅಂದ್ರ ಯಾಕ ಒತ್ತಾಯ ಮಾಡ್ತೀರಿ."

ಅಡಿವೆವ್ವನ ಅಡಕತ್ತರಿ ನಿಂತಿತು. ಮಗನನ್ನು ತಡೆದದ್ದು ತಾನು ಎಂದು ಹೇಳಿದರೆ ಬೀಗರಿಗೆ ಅಂಜಿದಂತೆ. ಹೇಳದಿದ್ದರೆ ಮಗ ಕೈಲಾಗದವನಾದಂತೆ. ಅವಳು ಎರಡನ್ನೂ ಕ್ಷಣಕಾಲ ತೂಗಿದಳು. ನಂತರ ನಗುನಗುತ್ತಲೇ, "ಫಕ್ಕೀರಾ, ಹಿಡಿ," ಅಂದಳು.

ದ್ವಿತೀಯಾರ್ಧದಲ್ಲಿ ಉಡಚಪ್ಪ ಮೊದಲ ಸಲ ಬಂದಾಗ ಫಕ್ಕೀರೇಶ ಕಾಲುಗಳನ್ನು ನೋಡಲೇ ಇಲ್ಲ. ಸರ್ ಹೇಳಿಕೊಟ್ಟ ಹಾಗೆ ಸೊಂಟದ ಮೇಲೆ ಕಣ್ಣು ನೆಟ್ಟು ನುಗ್ಗಿದ. ಇಬ್ಬರೂ ಒಟ್ಟಿಗೆ ಹರಳುಗಲ್ಲಿನ ಗರಸು ನೆಲದ ಮೇಲೆ ಮೂರು ಮಾರು ಉರುಳಿದರು. ಧೂಳು ಇಳಿದಾಗ ಉಡಚಪ್ಪನ ಎಡಮೊಣಕಾಲಿನ ತೊಗಲು ಕಿತ್ತಿತ್ತು. ಬೆಂಚಿನ ಮೇಲೆ ದುರಗವ್ವ ಅಗಿಯುವುದನ್ನು ನಿಲ್ಲಿಸಿದಳು. ಕೆಳಗೆ ಬಿದ್ದಿದ್ದ ಉಡಚಪ್ಪ ಮಾತ್ರ, "ಭಾಳ ಚಲೋ ಆತ್ರಿ," ಎಂದು ಎದ್ದ.

ಎರಡನೆಯ ಸಲ ಅವನು ಇನ್ನೂ ಜೋರಾಗಿ ಬಂದ. ಫಕ್ಕೀರೇಶ ಹಿಡಿದ, ಕೆಡವಿದ. ಆದರೆ ಬೀಳುತ್ತ ಬೀಳುತ್ತಲೇ ಉಡಚಪ್ಪ ಒಂದೇ ಕೈಯಿಂದ ಚೆಂಡನ್ನು ಬೆನ್ನ ಹಿಂದೆ ಬರುತ್ತಿದ್ದವನಿಗೆ ದಾಟಿಸಿದ. ಆ ಹುಡುಗ ಹೋಗಿ ಟ್ರೈ ಹೊಡೆದ. ಮೇಜಿನ ಬಳಿ ಉಳವಪ್ಪನವರು ಮೊದಲ ಬಾರಿಗೆ ಏನೋ ಬರೆದುಕೊಂಡರು. ಫಕ್ಕೀರೇಶ ಮಲಗಿದ್ದಲ್ಲಿಂದಲೇ ಅದನ್ನು ನೋಡಿದ. ಬೀಗರನ್ನು ಕೆಡವಿದರೆ ಏನೋ ಕಳೆದುಕೊಳ್ಳುತ್ತೇನೆಂದು ಅವನಿಗೆ ಅಂಜಿಕೆ ಇದ್ದೇ ಇತ್ತು. ಅದು ಶಿಬಿರವೇ ಆದೀತು ಎಂದು ಮಾತ್ರ ಹೊಳೆದಿರಲಿಲ್ಲ. ಆದರೂ ಕೊನೆಯ ನಿಮಿಷದಲ್ಲಿ ಉಡಚಪ್ಪ ಮೂಲೆಗೆ ಹಾರಿದಾಗ ಅವನು ತಡಮಾಡದೆ ಹಾರಿ, ಚೆಂಡಿನ ಸಮೇತ ಅವನನ್ನು ಗೆರೆಯ ಹೊರಗೆ ಹಾಕಿದ. ನಡುವೆ ಶಿಗ್ಗಾಂವವೂ ಒಂದು ಟ್ರೈ ಹೊಡೆದಿತ್ತು. ಹದಿನೇಳು, ಹದಿನೈದು. ಶಿಗ್ಗಾಂವದವರು ಎರಡು ಅಂಕಗಳಿಂದ ಸೋತರು.

ಉಳವಪ್ಪನವರು ಇಬ್ಬರನ್ನೂ ಮೇಜಿನ ಬಳಿ ಕರೆದರು. ಬೀಗಿತಿಯರೂ ಕರೆಯದೆಯೇ ಬಂದರು. ಸರ್ ಅವರ ನೋಟ್‌ಬುಕ್ಕಿನ ಎರಡು ಪ್ರಶ್ನಾರ್ಥಕ ಚಿಹ್ನೆಗಳ ಮೇಲೆ ಉಳವಪ್ಪನವರು ಬೆರಳಿಟ್ಟರು.

"ಇವೆರಡು ತಪ್ಪಿದ್ದೋ, ಬಿಟ್ಟಿದ್ದೋ?"

ತಪ್ಪಿದ್ದು ಅಂದರೆ ಮೂವತ್ತಾರಕ್ಕೆ ಮೂವತ್ತನಾಲ್ಕು. ತೊಂಬತ್ತನಾಲ್ಕು ದಶಮಾಂಶ ನಾಲ್ಕು, ಎಂದು ಸರ್ ಬಾಯಲ್ಲೇ ಲೆಕ್ಕ ಮಾಡಿ ಮೆಲ್ಲಗೆ ಹೇಳಿಯೂ ಬಿಟ್ಟರು. ನಂಬುವಂಥ, ಶಿಬಿರಕ್ಕೆ ಯೋಗ್ಯವಾದ ಅಂಕಿ. ಫಕ್ಕೀರೇಶನ ಬಾಯಿಯವರೆಗೆ ಆ ಮಾತು ಬಂತು. ಆದರೆ ಮೂವತ್ತೊಂದು ಸಲ ತಪ್ಪದ ಕೈ ತಪ್ಪಿತು ಎಂದು ತಾನೇ ಹೇಳುವುದು ಅವನಿಂದ ಆಗಲಿಲ್ಲ.

"ಬಿಟ್ಟೇನ್ರಿ," ಅಂದ. "ಅವರು ಬೀಗರು."

ಉಳವಪ್ಪನವರು ಕನ್ನಡಕ ತೆಗೆದು ಅವನನ್ನು ನೋಡಿದರು. "ಇನ್ನೂ ಯಾವ್ಯಾವ ಜಿಲ್ಲಾದಾಗ ಅದಾರಪಾ ನಿಮ್ಮ ಬೀಗರು?"

"ಸದ್ಯಕ್ಕ ಸವಣೂರಾಗ ಅಷ್ಟ ಅದಾರ್ರಿ."

ನಡುವೆ ಅಡಿವೆವ್ವ ಮುಂದೆ ಬಂದಳು. ಬಿಡಿಸಿದ್ದು ತಾನು, ಹುಡುಗನ ತಪ್ಪಲ್ಲ, ಆ ಎರಡನ್ನು ತನ್ನ ಹೆಸರಿನಲ್ಲಿ ಬರೆದುಕೊಳ್ಳಿ ಎಂದಳು. ಸರ್ ನಿಜವಾಗಿಯೂ ನೋಟ್‌ಬುಕ್ಕಿನಲ್ಲಿ ಖಾಲಿ ಸಾಲು ಹುಡುಕತೊಡಗಿದರು. ಉಳವಪ್ಪನವರು ನಕ್ಕು, ಬಿದ್ದರೂ ಚೆಂಡು ಕಳೆದುಕೊಳ್ಳದ ಹುಡುಗನೇ ತಮಗೆ ಬೇಕು ಎಂದು ಉಡಚಪ್ಪನ ಹೆಸರು ಬರೆದರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಫಕ್ಕೀರೇಶನ ಹೆಸರನ್ನೂ ಬರೆದು, ಮೀಸಲು ಎಂದು ಸೇರಿಸಿದರು. ಕೆಡವುವವನು ಇಂಥವನಿರದಿದ್ದರೆ ಉಡಚಪ್ಪ ಹೇಗೆ ಬೀಳುತ್ತಾನೆಂದು ತಮಗೆ ಗೊತ್ತೇ ಆಗುತ್ತಿರಲಿಲ್ಲ ಎಂದರು.

ಮೀಸಲು ಎಂದರೇನು ಎಂದು ಅಡಿವೆವ್ವ ಕೇಳಿದಳು. ಆರಿಸಿದ ಹುಡುಗನಿಗೆ ಪೆಟ್ಟಾಗಿ ಶಿಬಿರಕ್ಕೆ ಹೋಗದಂತಾದರೆ ಇವನಿಗೆ ಕರೆ ಬರುತ್ತದೆ ಎಂದು ಸರ್ ಬಿಡಿಸಿ ಹೇಳಿದರು. ಅಡಿವೆವ್ವನ ದೃಷ್ಟಿ ನಿಧಾನವಾಗಿ ಉಡಚಪ್ಪನ ಎಡಮೊಣಕಾಲಿಗೆ ಇಳಿಯಿತು. ದುರಗವ್ವ ಅದನ್ನು ಗಮನಿಸಿ, ಮಗನ ತೋಳು ಹಿಡಿದು ತನ್ನ ಹಿಂದಕ್ಕೆ ಎಳೆದುಕೊಂಡಳು.

ಮಂದಿ ಚದುರಿದ ಮೇಲೆ ಉಡಚಪ್ಪ ನಲ್ಲಿಯ ಕಟ್ಟೆಯ ಮೇಲೆ ಕೂತಿದ್ದ. ವಿದ್ಯಾ ಕೊಟ್ಟ ಬ್ಯಾಂಡೇಜು ತೆಗೆದುಕೊಂಡು ಫಕ್ಕೀರೇಶ ಹೋದ. ಗಾಯದೊಳಗಿನ ಗರಸು ಒಂದೊಂದಾಗಿ ತೆಗೆದು, ತೊಳೆದು, ಬಿಗಿಯೂ ಸಡಿಲವೂ ಅಲ್ಲದ ಹಾಗೆ ಸುತ್ತಿದ. ಗಂಟು ಹಾಕಿ, ಮೂರು ದಿನ ಓಡಬಾರದು, ಬೇಕಾದರೆ ವಾರ ತಡೆದರೂ ಒಳ್ಳೆಯದು ಎಂದ.

ಉಡಚಪ್ಪ ಕಟ್ಟನ್ನೂ ಅವನ ಮುಖವನ್ನೂ ನೋಡಿದ. "ಇದನ್ನ ಬೀಗರಾಗಿ ಹೇಳಾಕತ್ತೀರೋ, ಮೀಸಲಾಗಿ ಹೇಳಾಕತ್ತೀರೋ?"

ಫಕ್ಕೀರೇಶ ಬ್ಯಾಂಡೇಜಿನ ಉಳಿದ ತುಂಡನ್ನು ಸುತ್ತಿ ಕಿಸೆಗೆ ಹಾಕಿಕೊಳ್ಳುತ್ತ ಯೋಚಿಸಿದ.

"ಅರ್ಧ ಅರ್ಧ ರೀ," ಅಂದ.